ಕುರಿಗಳಿಗೆ ಮನೆಯಲ್ಲೇ ಮಾಡಿಕೊಳ್ಳುವ ಮೇವಿನ ಗೋದಲಿ: ಅಳತೆ ತಪ್ಪಿದರೆ ಏನಾಗುತ್ತೆ, ಸರಿಯಿದ್ದರೆ ಎಷ್ಟು ಉಳಿಯುತ್ತೆ



ಶೇಂಗಾ ಕಿತ್ತು ಕಾಯಿ ಬಿಡಿಸಿ ಹೊಟ್ಟನ್ನ ಬಣವೆ ಒಟ್ಟುವ ಹೊತ್ತಿಗೆ ಎಲ್ಲರಿಗೂ ಒಂದು ಧೈರ್ಯ ಇರುತ್ತೆ, ಈ ಸಲ ಬೇಸಿಗೆಗೆ ಮೇವು ಸಾಕು ಅಂತ. ಮಾರ್ಚ್ ಕೊನೆಗೆ ಬಣವೆ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತೆ. ಏಪ್ರಿಲ್‌ನಲ್ಲಿ ಪಕ್ಕದ ಊರಿಂದ ಲೋಡ್ ತರಿಸೋಕೆ ಓಡಾಟ. ಕುರಿ ಜಾಸ್ತಿ ತಿಂದವಾ? ಇಲ್ಲ. ತಿಂದದ್ದು ತಿಂದದ್ದೇ, ಉಳಿದದ್ದು ಕಾಲ ಕೆಳಗೆ ಹೋಯ್ತು.

ನಮ್ಮ ಮನೆಯಲ್ಲೂ ಹೀಗೇ ಇತ್ತು. ಚಳ್ಳಕೆರೆ, ಹಿರಿಯೂರು ಕಡೆ ಬಹುತೇಕ ಮನೆಗಳಲ್ಲಿ ಇರೋ ಹಾಗೆ ನಮ್ಮಲ್ಲೂ 20 ಕುರಿ, ಒಂದು ಟಗರು, ಹಗಲು ಹೊರಗೆ ಮೇಯ್ಸಿ ಸಂಜೆ ಕೊಟ್ಟಿಗೆಯಲ್ಲಿ ಒಣಮೇವು. ಮೇವು ಅಂದ್ರೆ ಗೋಡೆ ಪಕ್ಕ ನೆಲಕ್ಕೆ ಸುರಿಯೋದು, ಅಷ್ಟೇ. ಒಂದು ಸಂಜೆ ಹಠಕ್ಕೆ ಬಿದ್ದು 10 ಕೆಜಿ ಹೊಟ್ಟು ತೂಗಿ ಹಾಕಿದೆ. ಬೆಳಗ್ಗೆ ಗುಡಿಸಿ, ಹಿಕ್ಕೆ ಆರಿಸಿ ತೆಗೆದು ತೂಗಿದರೆ 3 ಕೆಜಿ ಅಲ್ಲೇ ಇತ್ತು. ಕುರಿ ಒಂದು ವಿಚಾರದಲ್ಲಿ ಬಲು ಶುಚಿ. ಉಚ್ಚೆ ಬಿದ್ದ ಮೇವು, ಇನ್ನೊಂದು ಕುರಿ ತುಳಿದ ಮೇವು ಮುಟ್ಟಲ್ಲ. ಹಸಿದರೂ ಮೂಸಿ ಬಿಡುತ್ತೆ.

ಇದನ್ನ ಲೆಕ್ಕಕ್ಕೆ ಹಾಕಿ ನೋಡಿ. ಸುಮಾರು 30 ಕೆಜಿ ತೂಕದ ಕುರಿಗೆ ದಿನಕ್ಕೆ ಹತ್ತಿರ ಹತ್ತಿರ 1 ಕೆಜಿ ಒಣ ಪದಾರ್ಥ ಬೇಕು. ಬೇಸಿಗೆಯಲ್ಲಿ ಅದರಲ್ಲಿ 700 ಗ್ರಾಂ ಒಣಮೇವಿಂದಲೇ ಬರಬೇಕು ಅಂತ ಇಟ್ಟುಕೊಳ್ಳಿ. 20 ಕುರಿಗೆ ದಿನಕ್ಕೆ 14 ಕೆಜಿ ಆಯ್ತು. ಹತ್ತರಲ್ಲಿ ಮೂರು ಪಾಲು ನೆಲಕ್ಕೆ ಹೋಗೋದಾದರೆ 14 ಕೆಜಿ ಹೊಟ್ಟೆಗೆ ಸೇರೋಕೆ 20 ಕೆಜಿ ಹಾಕಬೇಕು. 100 ದಿನಕ್ಕೆ 600 ಕೆಜಿ ಮಣ್ಣುಪಾಲು. ಅದೇ 600 ಕೆಜಿಯಲ್ಲಿ ಅದೇ ಕುರಿಗಳು ಇನ್ನೂ ಆರು ವಾರ ತಿನ್ನಬಹುದಿತ್ತು. ಒಂದು ಲೋಡ್ ಹೊಟ್ಟಿಗೆ ನಿಮ್ಮೂರಲ್ಲಿ ಎಷ್ಟು ಕೇಳ್ತಾರೆ ಅಂತ ನಿಮಗೇ ಗೊತ್ತು, ಉಳಿದ ಗುಣಾಕಾರ ನೀವೇ ಮಾಡ್ಕೊಳ್ಳಿ. ನನ್ನ 3 ಕೆಜಿ ನಿಮ್ಮಲ್ಲಿ 2 ಇರಬಹುದು, 4 ಇರಬಹುದು. ಒಂದು ರಾತ್ರಿ ತೂಗಿ ನೋಡಿದರೆ ತಿಳಿಯುತ್ತೆ.

ನೆಲದ ಮೇಲೆ ಹಾಕೋದರಲ್ಲಿ ಇನ್ನೊಂದು ನಷ್ಟ ಇದೆ, ಅದು ತಕ್ಕಡಿಗೆ ಕಾಣಲ್ಲ. ಜಂತುಹುಳದ ಮೊಟ್ಟೆ, ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ, ಎರಡೂ ಹಿಕ್ಕೆಯಲ್ಲೇ ಇರೋದು. ಹಿಕ್ಕೆ ಬಿದ್ದ ಜಾಗದಲ್ಲೇ ಊಟ ಅಂದ್ರೆ ರೋಗವನ್ನ ನಾವೇ ಬಡಿಸಿದ ಹಾಗೆ. ಗೋದಲಿ ಮಾಡಿದ ತಕ್ಷಣ ಜಂತಿನ ಔಷಧಿ ಬಿಡಬಹುದು ಅಂತ ಅಲ್ಲ, ಆದರೆ ಮರಿಗಳು ಭೇದಿಯಿಂದ ಸೊರಗೋದು ಕಡಿಮೆ ಆಗುತ್ತೆ.

ಮೊದಲು ನಿಮ್ಮ ಮೇವು ಯಾವುದು ನೋಡಿ

ಫೋನ್‌ನಲ್ಲಿ ಹುಡುಕಿದರೆ ಹೊರದೇಶದ ಕುರಿ ಗೋದಲಿಗಳ ವಿಡಿಯೋ ಬೇಕಾದಷ್ಟು ಸಿಗ್ತವೆ. ನೋಡೋಕೆ ಚೆನ್ನಾಗಿವೆ. ಆದರೆ ಅವೆಲ್ಲ ಉದ್ದನೆಯ ಹುಲ್ಲನ್ನ ಒತ್ತಿ ಕಟ್ಟಿದ ಪೆಂಡಿಗೆ ಅಂತ ಮಾಡಿದವು. ನಮ್ಮ ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಹುರುಳಿ ಹೊಟ್ಟನ್ನ ಅಂಥ ಕಂಬಿ ಗೋದಲಿಗೆ ಹಾಕಿದರೆ ಜರಡಿ ಹಿಡಿದಂಗೆ ಪೂರ್ತಿ ಕೆಳಗೆ ಸುರೀತದೆ.

ಆದ್ದರಿಂದ ನಮಗೆ ಬೇಕಾಗೋದು ಎರಡು ಬಗೆ. ರಾಗಿ ಹುಲ್ಲು, ಕರಡ, ಒಣಗಿಸಿದ ಹುರುಳಿ ಬಳ್ಳಿ, ಹೀಗೆ ಎಳೆ ಎಳೆಯಾಗಿ ಇರೋದಕ್ಕೆ ಕಂಬಿ ಗೋದಲಿ. ಹೊಟ್ಟಿಗೆ ಮತ್ತು ಕತ್ತರಿಸಿದ ಜೋಳದ ಸೊಪ್ಪೆಗೆ ತೊಟ್ಟಿ ಗೋದಲಿ. ಎರಡೂ ಮೇವು ಇರೋರು ಕಂಬಿ ಗೋದಲಿಯ ಕೆಳಗಿನ ತಟ್ಟೆಯನ್ನ ಸ್ವಲ್ಪ ಆಳ ಮಾಡಿಕೊಂಡರೆ ಒಂದರಲ್ಲೇ ಎರಡೂ ಕೆಲಸ ಆಗುತ್ತೆ. ಜೋಳದ ದಂಟು, ಮೆಕ್ಕೆಜೋಳದ ಸೊಪ್ಪೆಯನ್ನ ಇಡಿಯಾಗಿ ಯಾವ ಗೋದಲಿಗೆ ಹಾಕಿದರೂ ಅರ್ಧ ದಂಡ. ಎಲೆ ಕಿತ್ಕೊಂಡು ದಂಟು ಬಿಡ್ತವೆ. ಒಂದು, ಒಂದೂವರೆ ಇಂಚಿಗೆ ಕತ್ತರಿಸಿಯೇ ಹಾಕಿ.

ಅಂದಹಾಗೆ ಇದು ಹೊಸ ವಿದ್ಯೆ ಏನಲ್ಲ. ಕುರಿ ಹಟ್ಟಿಗಳಲ್ಲಿ ಮರಿಗಳಿಗೆ ಬೇವು, ಆಲದ ಸೊಪ್ಪನ್ನ ಕಟ್ಟು ಮಾಡಿ ಬಾಯಿಗೆ ಎಟುಕೋ ಎತ್ತರಕ್ಕೆ ತೂಗುಹಾಕೋದನ್ನ ನೀವೂ ನೋಡಿರ್ತೀರಿ. ಆ ಸೊಪ್ಪಿನ ಕಟ್ಟೇ ನಮ್ಮ ಮೊದಲ ಗೋದಲಿ. ಸೊಪ್ಪು ನೆಲಕ್ಕೆ ತಾಗಲ್ಲ, ತುಳಿಯೋ ಹಾಗಿಲ್ಲ, ಕಿತ್ತು ಕಿತ್ತು ತಿಂತವೆ.

ನನ್ನ ಮೊದಲನೇ ಗೋದಲಿ

ಕಂಬಿಗಳ ಸಂದಿನ ಅಳತೆ ಹೇಳೋ ಮೊದಲು ಇದನ್ನ ಹೇಳಲೇಬೇಕು. ಮೂರು ವರ್ಷದ ಹಿಂದೆ ನಾನು ಮೊದಲು ಮಾಡಿದ ಗೋದಲಿಯಲ್ಲಿ ದಬ್ಬೆ ದಬ್ಬೆ ನಡುವೆ 5 ಇಂಚು ಬಿಟ್ಟಿದ್ದೆ. ಹುಲ್ಲು ಸಲೀಸಾಗಿ ಸಿಗಲಿ ಅನ್ನೋದು ನನ್ನ ಲೆಕ್ಕ. ದೊಡ್ಡ ಕುರಿಗಳು ಮೂತಿ ಹಾಕಿ ಚೆನ್ನಾಗೇ ತಿಂದವು. ವಾರ ಆಗಿರಲಿಲ್ಲ, ಎರಡು ತಿಂಗಳ ಒಂದು ಹೆಣ್ಣುಮರಿ ರಾತ್ರಿ ಆ ಸಂದಿಯೊಳಗೆ ತಲೆ ತೂರಿಸಿದೆ. ಒಳಗೆ ಹೋಗೋವಾಗ ಕಿವಿ ಹಿಂದಕ್ಕೆ ಮಡಚಿಕೊಂಡು ತಲೆ ಹೋಗುತ್ತೆ, ಹಿಂದಕ್ಕೆ ಎಳೆಯೋವಾಗ ದವಡೆ ಸಿಕ್ಕಿಕೊಳ್ಳುತ್ತೆ. ಮರಿ ಹೆದರಿ ಎಳೆದಾಡಿದೆ, ಪಕ್ಕದ ಕುರಿಗಳು ನೂಕಾಡಿವೆ. ಬೆಳಗ್ಗೆ ಅವ್ವ ಕಸ ಹೊಡೆಯೋಕೆ ಹೋದಾಗ ಮರಿ ಅಲ್ಲೇ ಜೋತುಬಿದ್ದಿತ್ತು. ಆ ಸಲದ ಮರಿಗಳಲ್ಲಿ ಅದೇ ಚೆನ್ನಾಗಿ ಬಂದಿದ್ದ ಮರಿ. ಅವ್ವ ನಂಗೆ ಏನೂ ಅನ್ನಲಿಲ್ಲ. ದಬ್ಬೆಯನ್ನೆಲ್ಲ ಅವತ್ತೇ ಕಿತ್ತು ಒಲೆಗೆ ಹಾಕಿದಳು.

ಅವತ್ತಿಂದ ನನಗೆ ಸಂದಿನ ವಿಚಾರದಲ್ಲಿ ಎರಡೇ ಅಳತೆ. ಮೂತಿ ಮಾತ್ರ ಹೋಗಿ ಹುಲ್ಲು ಎಳೆಯುವಂಥ ಸಂದು ಆದರೆ 2ರಿಂದ 2.5 ಇಂಚು. ಪೂರ್ತಿ ತಲೆ ಆರಾಮಾಗಿ ಹೋಗಿ ಆರಾಮಾಗಿ ಬರುವಂಥ ಸಂದು ಆದರೆ 8 ಇಂಚಿಗೆ ಮೇಲೆ, ಕೊಂಬಿನ ಟಗರು ಇದ್ದರೆ ಅಡ್ಡಗಳೇ ಇಲ್ಲದ ಬೇರೆ ತೊಟ್ಟಿ. 3.5 ಇಂಚಿಂದ 7 ಇಂಚಿನ ನಡುವಿನ ಯಾವ ಸಂದೂ ಮರಿಗಳಿರೋ ಕೊಟ್ಟಿಗೆಯಲ್ಲಿ ಇರಬಾರದು. ಟೇಪು ಕೈಯಲ್ಲಿ ಇಲ್ಲ ಅಂದ್ರೆ ಮುಷ್ಟಿ ಕಟ್ಟಿ ಬೆರಳಿನ ಗೆಣ್ಣುಗಳು ಅಡ್ಡಕ್ಕೆ ಬರೋ ಹಾಗೆ ತೂರಿಸಿ ನೋಡಿ. ಮುಷ್ಟಿ ಹೋಗೋ ಹಾಗಿದ್ದರೆ ಎಳೆ ಮರಿ ತಲೆಯೂ ಹೋಗುತ್ತೆ. ರೆಡಿಮೇಡ್ ವೆಲ್ಡ್ ಜಾಲರಿ ತರೋರೂ ಇದೇ ಲೆಕ್ಕ ನೋಡಿ ತನ್ನಿ. 6 ಇಂಚು ಚೌಕದ ಜಾಲರಿ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ಮೀನಿನ ಬಲೆ, ನೈಲಾನ್ ಬಲೆಯಲ್ಲಿ ಹುಲ್ಲು ತುಂಬಿ ತೂಗುಹಾಕೋದೂ ಬೇಡ. ಖಾಲಿ ಆದ ಮೇಲೆ ಜೋಲು ಬಿದ್ದು ಮರಿ ಕಾಲು, ಕುತ್ತಿಗೆ ಸುತ್ತಿಕೊಳ್ಳುತ್ತೆ.

ಕಂಬಿ ಗೋದಲಿ: 8 ಅಡಿ ಉದ್ದ, ಎರಡೂ ಕಡೆಯಿಂದ ತಿನ್ನೋ ಹಾಗೆ

ಇದು ಬಡಗಿ ಇಲ್ಲದೆ ಇಬ್ಬರು ಸೇರಿ ಒಂದು ದಿನದಲ್ಲಿ ಮಾಡಬಹುದಾದ ಕೆಲಸ. ಬೇಕಾಗೋದು: ಮೂರೂವರೆ ಅಡಿಯ 4 ನೀಲಗಿರಿ ಗೂಟ, 8 ಅಡಿಯ 5 ಗಳು, 2 ಅಡಿಯ ಏಳೆಂಟು ಅಡ್ಡತುಂಡು, 20 ಅಡಿಯ ಎರಡು ಮೂರು ಬಿದಿರು, ಮೊಳೆ, ಬೈಂಡಿಂಗ್ ವೈರ್, ತಟ್ಟೆಗೆ ಹಲಗೆ ಇಲ್ಲವೇ ಹಳೇ ಜಿಂಕ್ ಶೀಟು. ಹೊಳಲ್ಕೆರೆ, ಚನ್ನಗಿರಿ ಕಡೆಯವರಿಗೆ ಬಿದಿರಿಗಿಂತ ಅಡಿಕೆ ದಬ್ಬೆ ಸುಲಭ, ಅದನ್ನೇ ಬಳಸಿ. ಸಿಬಿರು ಏಳದ ಹಾಗೆ ಅಂಚು ಕೆತ್ತಿ ನಯ ಮಾಡಿ.

ನಾಲ್ಕು ಗೂಟವನ್ನ 8 ಅಡಿ ಉದ್ದ, 2 ಅಡಿ ಅಗಲದ ಚೌಕಟ್ಟಿನ ನಾಲ್ಕು ಮೂಲೆಗೆ ನಿಲ್ಲಿಸಿ. ನೆಲಕ್ಕೆ ಹೂಳಬೇಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ. ನೆಲದಿಂದ 9 ಇಂಚು ಎತ್ತರದಲ್ಲಿ ಎರಡೂ ಉದ್ದದ ಕಡೆಗೆ ಒಂದೊಂದು ಗಳು, ಅವುಗಳ ಮೇಲೆ ಅಡ್ಡತುಂಡು ಹಾಕಿ ತಟ್ಟೆ ಕೂರಿಸಿ. ತಟ್ಟೆಯ ಅಂಚು 6 ಇಂಚು ಎತ್ತರ, ಅಂದ್ರೆ ಅಂಚಿನ ತುದಿ ನೆಲದಿಂದ 15 ಇಂಚಿಗೆ ಬರುತ್ತೆ. ದೊಡ್ಡ ಕುರಿಗೆ ಇದು ಹದವಾದ ಎತ್ತರ. ಕತ್ತು ಬಗ್ಗಿಸಿ ತಿನ್ನುತ್ತೆ, ಕಾಲು ಇಡೋಕೆ ಮಾತ್ರ ಆಗಲ್ಲ. ಜಿಂಕ್ ಶೀಟಾದರೆ ಅಂಚನ್ನ ಮಡಚಿ ಬಡಿಯಿರಿ, ತುಟಿ ಕುಯ್ಯಬಾರದು.

ಇನ್ನೆರಡು ಗಳುಗಳನ್ನ ನೆಲದಿಂದ 3 ಅಡಿ ಎತ್ತರದಲ್ಲಿ ಗೂಟಗಳಿಗೆ ಕಟ್ಟಿ. ಐದನೇ ಗಳುವನ್ನ ನಟ್ಟನಡುವೆ ಉದ್ದಕ್ಕೆ, ನೆಲದಿಂದ 18 ಇಂಚು ಎತ್ತರದಲ್ಲಿ, ಎರಡು ತುದಿಯ ಅಡ್ಡತುಂಡುಗಳಿಗೆ ಬಿಗಿಯಿರಿ. 8 ಅಡಿಗೆ ಮಧ್ಯ ಒಂದು ಕಡೆ ಊರೆ ಕೊಡದಿದ್ದರೆ ಹುಲ್ಲಿನ ಭಾರಕ್ಕೆ ಬಾಗುತ್ತೆ. ಈಗ 2 ಅಡಿ ಉದ್ದದ ದಬ್ಬೆಗಳನ್ನ ನಡುವಿನ ಗಳುವಿಂದ ಮೇಲಿನ ಗಳುವಿಗೆ ಓರೆಯಾಗಿ ಹೊಡೀತಾ ಹೋಗಿ. ಒಂದೂವರೆ ಇಂಚು ಅಗಲದ ದಬ್ಬೆ, ಎರಡೂವರೆ ಇಂಚು ಸಂದು, ಅಂದ್ರೆ 4 ಇಂಚಿಗೆ ಒಂದು. ಒಂದು ಕಡೆಗೆ 24, ಎರಡೂ ಕಡೆಗೆ 48 ದಬ್ಬೆ. ಸಂದಿಗೆ ಎರಡೂವರೆ ಇಂಚಿನ ಒಂದು ಮರದ ತುಂಡು ಕತ್ತರಿಸಿ ಇಟ್ಕೊಂಡು ಪ್ರತಿ ದಬ್ಬೆಗೂ ಅದನ್ನೇ ಇಟ್ಟು ಹೊಡೆಯಿರಿ, ಕಣ್ಣಂದಾಜು ಬೇಡ. ಎರಡು ತುದಿಗಳನ್ನೂ ದಬ್ಬೆಯಿಂದ ಮುಚ್ಚಿ. ಅಲ್ಲಿ ಸಂದು ದೊಡ್ಡದಾಗಿ ಉಳಿಯೋದೇ ಜಾಸ್ತಿ. ಕೊನೆಗೆ ಪಕ್ಕದಿಂದ ನೋಡಿದರೆ ರೊಟ್ಟಿ ಅರ್ಧ ಮಡಚಿ ನಿಲ್ಲಿಸಿದ ಹಾಗೆ ಕಾಣುತ್ತೆ, ಮೇಲೆ ಅಗಲ, ಕೆಳಗೆ ಕೂಡಿಕೊಂಡು. ಹುಲ್ಲನ್ನ ಮೇಲಿಂದ ಸಡಿಲವಾಗಿ ತುಂಬೋದು. ಒತ್ತಿ ತುಂಬಿದರೆ ಎಳೆ ಬರಲ್ಲ, ಕುರಿ ಬೇಸತ್ತು ಹೋಗ್ತವೆ.

ಇಲ್ಲಿ ಎರಡು ಅಳತೆ ಬದಲಾಯಿಸಬೇಡಿ. ಮೊದಲನೆಯದು, ಕೆಳಗಿನ ತಟ್ಟೆ ಮೇಲಿನ ಬಾಯಿಯಷ್ಟೇ ಅಗಲ ಇರಬೇಕು. ಕುರಿ ಹುಲ್ಲು ಎಳೆದಾಗ ಎಲೆ, ತೆನೆಯ ಪುಡಿ ಉದುರುತ್ತೆ. ಮೇವಿನಲ್ಲಿ ಸತ್ವ ಇರೋದೇ ಅದರಲ್ಲಿ. ತಟ್ಟೆ ಕಿರಿದಾದರೆ ಒಳ್ಳೆಯದೆಲ್ಲ ನೆಲಕ್ಕೆ, ಕಡ್ಡಿ ಮಾತ್ರ ಹೊಟ್ಟೆಗೆ. ಎರಡನೆಯದು, ಮೇಲಿನ ಗಳು 3 ಅಡಿಗಿಂತ ಎತ್ತರ ಬೇಡ. ಎತ್ತರ ಇಟ್ಟರೆ ಕುರಿ ತಲೆ ಎತ್ತಿ ಎಳೆಯುತ್ತೆ, ಧೂಳು, ಕರಡದ ಊಬು ಸೀದಾ ಕಣ್ಣಿಗೆ ಬೀಳುತ್ತೆ. ಕಣ್ಣಲ್ಲಿ ನೀರು ಸುರಿಯೋದು, ಬಿಳಿ ಪೊರೆ ಕಟ್ಟೋದು ಶುರುವಾಗುತ್ತೆ. ಕತ್ತಿನ ಮೇಲಿನ ಉಣ್ಣೆಗೂ ಕಸ ಸೇರುತ್ತೆ. ಕಂಬಳಿಗೆ ಉಣ್ಣೆ ಕೊಡೋರಿಗೆ ಇದರ ಕಷ್ಟ ಗೊತ್ತು.

ಮರಿಗಳು ತಟ್ಟೆಯೊಳಗೆ ಹತ್ತಿ ಮಲಗೋದು ಇನ್ನೊಂದು ಕಾಟ. ಬೆಚ್ಚಗಿರುತ್ತಲ್ಲ, ಅಲ್ಲೇ ಹಿಕ್ಕೆ ಹಾಕಿ ಅಲ್ಲೇ ನಿದ್ದೆ. ತಟ್ಟೆ ಅಂಚಿನಿಂದ 10 ಇಂಚು ಮೇಲೆ ಉದ್ದಕ್ಕೊಂದು ಬಿದಿರು ಕಟ್ಟಿದರೆ ಹತ್ತೋದು ಬಹಳ ಮಟ್ಟಿಗೆ ನಿಲ್ಲುತ್ತೆ, ದೊಡ್ಡ ಕುರಿಯ ತಲೆಗೆ ಅಡ್ಡಿ ಆಗಲ್ಲ.

ಎಷ್ಟು ಕುರಿಗೆ ಸಾಕು? ಎಲ್ಲ ಒಟ್ಟಿಗೆ ನಿಂತು ತಿನ್ನೋದಾದರೆ ದೊಡ್ಡ ಕುರಿಗೆ ಒಂದಡಿ ಜಾಗ ಬೇಕು, ಗಬ್ಬದ ಕುರಿಗೆ ಒಂದೂಕಾಲಡಿ. 8 ಅಡಿ ಗೋದಲಿಯ ಎರಡು ಕಡೆ ಸೇರಿ 16 ಅಡಿ, 16 ಕುರಿ ನಿಲ್ಲಬಹುದು, ಗಬ್ಬದವಾದರೆ 12. ರಾತ್ರಿಯಿಡೀ ಮೇವು ಇರೋ ಹಾಗೆ ನೋಡಿಕೊಂಡರೆ ಸರದಿ ಮೇಲೆ ತಿಂತವೆ, ಆಗ 20 ಕುರಿಗೂ ನಡೆಯುತ್ತೆ. ಆದರೆ ಜಾಗ ಬಿಗಿ ಆದಾಗ ನೂಕಿಸಿಕೊಳ್ಳೋದು ಯಾವಾಗಲೂ ಬಡಕಲು ಕುರಿ, ಮೊದಲ ಸೂಲಿನ ಕುರಿ. ಗಬ್ಬದ ಕೊನೇ ತಿಂಗಳಲ್ಲಿ ಹೊಟ್ಟೆಗೆ ಪೆಟ್ಟು ಬಿದ್ದರೆ ಕಂದು ಹಾಕುತ್ತೆ. ಅಂಥವನ್ನ ಬೇರೆ ಕಟ್ಟಿ, ಇಲ್ಲ ಎರಡನೇ ಗೋದಲಿ ಮಾಡಿ.

ತೊಟ್ಟಿ ಗೋದಲಿ: ಡ್ರಮ್ಮಿನಿಂದ

ಹೊಟ್ಟಿಗೆ 200 ಲೀಟರ್ ಪ್ಲಾಸ್ಟಿಕ್ ಡ್ರಮ್ಮನ್ನ ಉದ್ದಕ್ಕೆ ಸೀಳಿದರೆ ಎರಡು ತೊಟ್ಟಿ. ಒಂದೊಂದು ಸುಮಾರು 3 ಅಡಿ. ಎರಡನ್ನೂ ಸಾಲಾಗಿ ಕೂರಿಸಿದರೆ 6 ಅಡಿ. ಅರ್ಧ ಡ್ರಮ್ಮಿನ ಆಳ ಹತ್ತಿರ ಹತ್ತಿರ 1 ಅಡಿ ಇರೋದರಿಂದ ಕೆಳಗೆ ಮೂರು ನಾಲ್ಕು ಇಂಚಿನ ಊರೆ ಕೊಟ್ಟರೆ ಅಂಚು 15 ಇಂಚಿಗೆ ತಾನಾಗೇ ಬರುತ್ತೆ. ಉರುಳದ ಹಾಗೆ ಎರಡೂ ತುದಿಗೆ ಮರದ ಕತ್ತರಿಗಾಲು ಕೊಟ್ಟು ವೈರಿನಿಂದ ಬಿಗಿಯಿರಿ. ಕತ್ತರಿಸಿದ ಅಂಚು ಬ್ಲೇಡಿನ ಥರ ಇರುತ್ತೆ. ಹಳೇ ಡ್ರಿಪ್ ಪೈಪನ್ನ ಉದ್ದಕ್ಕೆ ಸೀಳಿ ಅಂಚಿನ ಮೇಲೆ ತೊಡಿಸಿ, ಅಲ್ಲಲ್ಲಿ ವೈರ್ ಹಾಕಿ ಕಟ್ಟಿ, ವೈರಿನ ತುದಿ ಹೊರಗಿನ ಕೆಳಭಾಗಕ್ಕೆ ಮಡಚಿ. ತೊಳೆದ ನೀರು ಹೋಗೋಕೆ ತಳದಲ್ಲಿ ನಾಲ್ಕೈದು ಸಣ್ಣ ತೂತು ಸಾಕು.

ಅಂಚಿನಿಂದ 9, 10 ಇಂಚು ಮೇಲೆ ತೊಟ್ಟಿಯ ನಟ್ಟನಡುವೆ ಉದ್ದಕ್ಕೆ ಒಂದು ಪಿವಿಸಿ ಪೈಪು ಹಾಯಿಸಿ, ಒಳಗೆ ಕಬ್ಬಿಣದ ಸಲಾಕೆ ಇಟ್ಟು ಪೈಪು ತಿರುಗೋ ಹಾಗೆ ಬಿಡಿ. ಕುರಿ ಕಾಲಿಟ್ಟರೆ ಪೈಪು ಉರುಳುತ್ತೆ, ಕಾಲು ಜಾರುತ್ತೆ, ಎರಡು ದಿನದಲ್ಲಿ ಹತ್ತೋ ಚಾಳಿ ಬಿಡ್ತವೆ. ಕೆಲವು ಮರಿಗಳು ಮಾತ್ರ ಇದನ್ನೇ ಆಟ ಮಾಡಿಕೊಳ್ತವೆ, ಅವಕ್ಕೆ ಮದ್ದಿಲ್ಲ.

ಡ್ರಮ್ಮು ಎಲ್ಲಿಂದ ಬಂತು ಅನ್ನೋದನ್ನ ಖಂಡಿತ ವಿಚಾರಿಸಿ. ಕ್ರಿಮಿನಾಶಕ, ಆಸಿಡ್, ಬಣ್ಣ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ಬೇಡ. ಅಡಿಕೆ ತೋಟ ಇರೋರು ಇನ್ನೊಂದು ನೆನಪಿಡಿ: ಬೋರ್ಡೋ ದ್ರಾವಣ ಕಲಸಿದ ಡ್ರಮ್ಮನ್ನ ಕುರಿಗೆ ಬಳಸಲೇಬಾರದು. ಮೈಲುತುತ್ತದಲ್ಲಿ ಇರೋದು ತಾಮ್ರ. ಹಸುವಿಗೆ ಹೋಲಿಸಿದರೆ ಕುರಿಗೆ ತಾಮ್ರ ತಡೆಯೋ ಶಕ್ತಿ ತೀರಾ ಕಡಿಮೆ. ಸ್ವಲ್ಪ ಸ್ವಲ್ಪವೇ ಲಿವರ್‌ನಲ್ಲಿ ಕೂಡಿಟ್ಟುಕೊಂಡು ಒಂದು ದಿನ ಇದ್ದಕ್ಕಿದ್ದ ಹಾಗೆ ಕಾಮಾಲೆ ಆಗಿ, ಕೆಂಪು ಉಚ್ಚೆ ಹೊಯ್ದು ಸಾಯುತ್ತೆ. ಗೋದಲಿಯ ಮರಕ್ಕೆ ಗೆದ್ದಲು ಹಿಡಿಯದಿರಲಿ ಅಂತ ಮೈಲುತುತ್ತ ಬಳಿಯೋದೂ ಇದೇ ಕಾರಣಕ್ಕೆ ಬೇಡ. ದನಗಳ ಖನಿಜ ಮಿಶ್ರಣವನ್ನ ತೊಟ್ಟಿಗೆ ಸುರಿಯೋ ಬದಲು ಕುರಿಗೆ ಅಂತಲೇ ಬರೋದನ್ನ ತನ್ನಿ.

ಹಳೇ ಟೈರ್ ಸೀಳಿ ಮಾಡೋರೂ ಇದ್ದಾರೆ. ಒಳಗಿನ ಉಕ್ಕಿನ ತಂತಿ ಹೊರಗೆ ಬರದಿದ್ದರೆ ಪರವಾಗಿಲ್ಲ, ಆದರೆ ಸವೆದ ಟೈರಲ್ಲಿ ಬಂದೇ ಬರುತ್ತೆ. ನಾನು ಕೈ ಹಾಕಿಲ್ಲ.

ಎಲ್ಲಿ ಇಡಬೇಕು, ಹೇಗೆ ನೋಡಿಕೊಳ್ಳಬೇಕು

ಗೂಟ ಹೂಳಬೇಡಿ ಅಂದಿದ್ದು ಇದಕ್ಕೆ: ಗೋದಲಿ ಸುತ್ತ ಕುರಿ ನಿಂತು ನಿಂತು ಅಲ್ಲೇ ಹಿಕ್ಕೆ, ಉಚ್ಚೆ ಜಾಸ್ತಿ ಬೀಳುತ್ತೆ. ಅಲ್ಲೇ ಬಿಟ್ಟರೆ ಕೆಸರಾಗಿ ಗೊರಸು ಕೊಳೆಯುತ್ತೆ. ವಾರಕ್ಕೊಮ್ಮೆ ಇಬ್ಬರು ಹಿಡಿದು ನಾಲ್ಕಡಿ ಸರಿಸಿದರೆ ಗೊಬ್ಬರವೂ ಕೊಟ್ಟಿಗೆ ತುಂಬ ಸಮನಾಗಿ ಹರಡುತ್ತೆ. ಸೂರಿನ ನೀರು ಬೀಳೋ ಜಾಗ ಬೇಡ, ಗೋಡೆಗೆ ಆನಿಸಿ ಇಡಬೇಡಿ, ಎರಡೂ ಕಡೆ ಕುರಿ ನಿಂತು ಹಿಂದೆ ಇನ್ನೊಂದು ಓಡಾಡುವಷ್ಟು ಜಾಗ ಇರಲಿ. ನೀರಿನ ತೊಟ್ಟಿ ದೂರ ಇರಲಿ. ಕುಡಿದು ಬಂದ ಬಾಯಿಂದ ನೀರು ತೊಟ್ಟಿಕ್ಕಿ ಹೊಟ್ಟು ಮುಗ್ಗುತ್ತೆ.

ದಿನಾ ಬೆಳಗ್ಗೆ ತಟ್ಟೆ ಖಾಲಿ ಮಾಡೋದೇ ಇದರಲ್ಲಿ ದೊಡ್ಡ ಕೆಲಸ. ಹತ್ತರಲ್ಲಿ ಒಂದು ಪಾಲು ಉಳಿಯೋದು ಸಹಜ, ಅದಕ್ಕೆ ಬೇಜಾರು ಬೇಡ. ಉಳಿದ ಗಟ್ಟಿ ಕಡ್ಡಿಯ ಮೇಲೇ ಹೊಸ ಮೇವು ಸುರಿದರೆ ಮಾತ್ರ ಅಡಿಯದು ಮುಗ್ಗಿ ವಾಸನೆ ಹಿಡಿದು ಮೇಲಿನದನ್ನೂ ಕೆಡಿಸುತ್ತೆ. ಕಡ್ಡಿಯನ್ನ ಎಮ್ಮೆಗೋ ತಿಪ್ಪೆಗೋ ಹಾಕಿ. ಬೂಷ್ಟು ಹಿಡಿದ ಶೇಂಗಾ ಹೊಟ್ಟು ಯಾವ ಪ್ರಾಣಿಗೂ ಬೇಡ, ಗಬ್ಬದ ಕುರಿಗಂತೂ ತೋರಿಸಲೇಬೇಡಿ. ಪೆಂಡಿ ಬಿಚ್ಚಿದ ಪ್ಲಾಸ್ಟಿಕ್ ಹುರಿ, ಗೊಬ್ಬರ ಚೀಲದ ದಾರ ಮೇವಿನ ಜೊತೆ ಗೋದಲಿಗೆ ಹೋಗದ ಹಾಗೆ ನೋಡಿ. ಹೊಟ್ಟೆಯಲ್ಲಿ ಗಂಟಾದರೆ ಹೊರಗೆ ಬರಲ್ಲ.

ಒಂದೇ ಸಲ ತುಂಬೋದಕ್ಕಿಂತ ಸಂಜೆ ಮುಕ್ಕಾಲು, ಮಲಗೋ ಮುಂಚೆ ಕಾಲು ಭಾಗ ಹಾಕಿದರೆ ಚೆನ್ನಾಗಿ ಖಾಲಿ ಮಾಡ್ತವೆ. ಆ ಎರಡನೇ ಸಲ ಹೋದಾಗ ಟಾರ್ಚ್ ಹಿಡಿದು ದಬ್ಬೆಗಳ ಸಾಲನ್ನ ಒಮ್ಮೆ ನೋಡಿ ಬನ್ನಿ. ಟಗರು ಗುದ್ದಿ ಒಂದು ದಬ್ಬೆ ಕಿತ್ತರೆ ಎರಡೂವರೆ ಇಂಚಿನ ಸಂದು ಆರೂವರೆ ಆಗಿರುತ್ತೆ. ನಾನು ಮುರಿದ ಜಾಗಕ್ಕೆ ಅಂತ ಐದಾರು ದಬ್ಬೆ, ಒಂದು ಹಿಡಿ ಮೊಳೆ ಕೊಟ್ಟಿಗೆ ಬಾಗಿಲ ಮೇಲೇ ಸಿಕ್ಕಿಸಿ ಇಟ್ಟಿದ್ದೀನಿ. ಬೆಳಗ್ಗೆ ಹೊಡೆದರಾಯ್ತು ಅಂತ ಬಿಡಲ್ಲ.

ಹೊಸ ಗೋದಲಿ ಇಟ್ಟ ಮೊದಲ ದಿನ ಕುರಿಗಳು ಹತ್ತಿರ ಬರದೆ ದೂರ ನಿಂತು ನೋಡ್ತವೆ. ಹೆದರಬೇಡಿ. ತಟ್ಟೆಗೆ ಒಂದು ಹಿಡಿ ಮೆಕ್ಕೆಜೋಳದ ನುಚ್ಚು ಉದುರಿಸಿ. ಒಂದು ಧೈರ್ಯಸ್ಥ ಕುರಿ ಬಂದರೆ ಮಿಕ್ಕವು ಹಿಂದೆಯೇ ಬರ್ತವೆ. ಮೂರ್ನಾಲ್ಕು ದಿನ ಬಿಟ್ಟು ಮತ್ತೆ 10 ಕೆಜಿ ತೂಗಿ ಹಾಕಿ, ಬೆಳಗ್ಗೆ ಗುಡಿಸಿ ತೂಗಿ. ನೆಲದ ಮೇಲಿನದನ್ನ ಬೇರೆ, ತಟ್ಟೆಯಲ್ಲಿ ಉಳಿದದ್ದನ್ನ ಬೇರೆ ತೂಗಿ. ನೆಲದ ಮೇಲೆ ಇನ್ನೂ ಜಾಸ್ತಿ ಬೀಳ್ತಿದ್ದರೆ ಸಂದು ಅಗಲ ಆಗಿದೆ ಇಲ್ಲ ತಟ್ಟೆ ಕಿರಿದಾಗಿದೆ. ತಟ್ಟೆಯಲ್ಲಿ ಜಾಸ್ತಿ ಉಳೀತಿದ್ದರೆ ಮೇವು ಒರಟಾಗಿದೆ, ಸಣ್ಣಗೆ ಕತ್ತರಿಸಿ.